ಅತಿಥಿ ಕಟ್ಟಿದ ಹಾಡು

"ಗುರುಗಳೇ, ಗ್ರೀಕರ ಹಳೆಯ ಕಾವ್ಯಗಳನ್ನು ಓದಿ ಮುಗಿಸಿದೆ. ಎಲ್ಲಿ ನೋಡಿದರೂ ಅತಿಥಿ ಸತ್ಕಾರವೇ. ಬಂದವನಿಗೆ ಮೊದಲು ಉಣಿಸುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ. ಅತಿಥಿಯನ್ನೇ ದೇವರೆಂದು ನಂಬಿ ಬಾಳಿದ ಜನ ಅವರು ಎನ್ನಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

"ಬೆಳ್ಳಗಿರುವುದೆಲ್ಲ ಹಾಲಲ್ಲ," ಎಂದರು ಗುರುಗಳು. "ಓದಿದ ಕೂಡಲೇ ನಂಬಿಬಿಡುವವರನ್ನು ಕಂಡರೆ ನನಗೆ ಭಯ. ಒಂದು ಕತೆ ಹೇಳುತ್ತೇನೆ, ಕೇಳು."

ಗ್ರೀಕರ ಒಂದು ದ್ವೀಪದಲ್ಲಿ ಒಬ್ಬ ರೈತನಿದ್ದ. ಅವನಿಗಿದ್ದದ್ದು ಕಲ್ಲುನೆಲ, ಕೆಲವು ಆಲಿವ್ ಮರ, ಹಾಲು ಕೊಡುವ ಒಂದು ಮೇಕೆ. ಅವನ ಹೆಂಡತಿ ಹೆತ್ತು ಹೆಚ್ಚು ದಿನವಾಗಿರಲಿಲ್ಲ. ಅವಳ ಎದೆಹಾಲು ಬತ್ತಿಹೋಗಿತ್ತು. ಮೇಕೆಯ ಹಾಲಿನಿಂದಲೇ ಮಗು ಬದುಕಿತ್ತು.

ಒಂದು ದಿನ ಊರೂರು ಅಲೆಯುವ ಹಾಡುಗಾರನೊಬ್ಬ ಬಾಗಿಲಿಗೆ ಬಂದ. ರೈತ ಪದ್ಧತಿಯಂತೆ ಕಾಲಿಗೆ ನೀರು ಕೊಟ್ಟ, ಹೆಸರು ಕೇಳಲಿಲ್ಲ. ಹೆಂಡತಿ ಜವೆಗೋಧಿಯ ರೊಟ್ಟಿ ತಟ್ಟಲು ಕುಳಿತಳು. ಹಾಡುಗಾರ ರೊಟ್ಟಿಯನ್ನು ನೋಡಿದ, ಹಿತ್ತಲಿನ ಮೇಕೆಯನ್ನು ನೋಡಿದ, ತಂತಿ ಮೀಟಿ ಹಾಡತೊಡಗಿದ. ನೆರೆಹೊರೆಯವರೆಲ್ಲ ಬಂದು ಕೂಡಿದರು.

ಹಾಡಿನಲ್ಲಿ ದೇವರು ತಿರುಕನ ವೇಷದಲ್ಲಿ ಬಂದಿದ್ದ. ಒಬ್ಬ ಬಡವ ತನಗಿದ್ದ ಒಂದೇ ಕುರಿಯನ್ನು ಕೊಯ್ದು ಬಡಿಸಿದ. ಅವನ ಮನೆ ತುಂಬಿತು. ಇನ್ನೊಬ್ಬ ಬರಿಯ ರೊಟ್ಟಿ ಕೊಟ್ಟು ಕಳಿಸಿದ. ಅವನ ಮನೆ ನಿರ್ವಂಶವಾಯಿತು. ಹಾಡು ಮುಗಿಯುವ ಹೊತ್ತಿಗೆ ಎಲ್ಲರ ಕಣ್ಣೂ ಮೇಕೆಯ ಮೇಲಿತ್ತು.

ಇವನು ದೇವರೋ, ಬರಿಯ ಹಸಿದವನೋ ಎಂದು ರೈತನಿಗೆ ಅನುಮಾನ ಬಂತು. ಹೆಂಡತಿ ಮೆಲ್ಲಗೆ ಹೇಳಿದಳು: "ಊಟಕ್ಕೆ ಮೊದಲು ಬಂದವರ ಹೆಸರು ಕೇಳಬಾರದು, ನಿಜ. ಹಾಡು ಕಟ್ಟಿದವರ ಹೆಸರು ಕೇಳಬಾರದು ಅಂತ ಯಾರೂ ಹೇಳಿಲ್ಲವಲ್ಲ?"

"ಅಯ್ಯಾ, ಈ ಹಾಡು ಕಟ್ಟಿದವರು ಯಾರು?" ಎಂದು ರೈತ ಕೇಳಿದ.

"ನನ್ನ ಗುರು. ಅವರಿಗೆ ಹಾಡು ಕಟ್ಟಲು ಕಲಿಸಿದ್ದು ಅವರ ಗುರು."

"ತಮ್ಮ ಮನೆಗೆ ಬಂದವರಿಗೆ ಅವರು ಏನು ಬಡಿಸುತ್ತಿದ್ದರು?"

ಹಾಡುಗಾರ ನಕ್ಕುಬಿಟ್ಟ. "ಹಾಡುವವರಿಗೆ ಮನೆ ಎಲ್ಲಿಯದು? ನಾವು ಉಂಡವರೇ ಹೊರತು ಬಡಿಸಿದವರಲ್ಲ."

ರೈತನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾಗಿ ಏನೂ ಪ್ರಯೋಜನವಾಗಲಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಇಲ್ಲವೆಂದರೆ ನಾಳೆ ಪಕ್ಕದ ಊರಿನಲ್ಲಿ ಜಿಪುಣನ ಹಾಡಿಗೆ ತನ್ನ ಹೆಸರೇ ಸೇರುತ್ತದೆ. ಆ ಜನಕ್ಕೆ ದೇವರ ಭಯಕ್ಕಿಂತ ಹೆಸರು ಕೆಡುವ ಭಯವೇ ದೊಡ್ಡದು. ಅವನು ಕತ್ತಿ ಹಿಡಿದು ಹಿತ್ತಲಿಗೆ ಹೋದ. ಹೆಂಡತಿ ಮಗುವನ್ನು ಅವಚಿಕೊಂಡು ಅತ್ತಳು. ಅದನ್ನು ಭಕ್ತಿಯ ಕಣ್ಣೀರೆಂದು ನೆರೆಯವರು ಕೈ ಮುಗಿದರು.

ಹಾಡುಗಾರ ಹೊಟ್ಟೆ ತುಂಬ ಉಂಡು ಹೊರಟ. ಅವನೇನೂ ಉಂಡ ಮನೆಗೆ ಎರಡು ಬಗೆಯುವವನಲ್ಲ. ಹೋದಲ್ಲೆಲ್ಲ ರೈತನ ದೊಡ್ಡ ಮನಸ್ಸನ್ನು ಬಾಯಿ ತುಂಬ ಹೊಗಳಿ ಹಾಡಿದ. ಕೇಳಿದವರೆಲ್ಲ ತಲೆದೂಗಿದರು. ಈಗ ಅಂಥ ಹಾಡುಗಳನ್ನೇ ಕಾವ್ಯವೆಂದು ಓದಿ ನೀನೂ ತಲೆದೂಗುತ್ತಿದ್ದೀಯೆ.

ಶಿಷ್ಯನ ಮುಖ ಕಪ್ಪಿಟ್ಟಿತು. "ಆ ಮಗು ಏನಾಯಿತು, ಗುರುಗಳೇ?"

"ಹಾಡುಗಾರ ಅದನ್ನು ಕೇಳಲಿಲ್ಲ. ದಾನವೇ ದೊಡ್ಡದೆಂದು ಉಪದೇಶ ಮಾಡಿ ಊರೂರಲ್ಲಿ ಭಿಕ್ಷೆ ಉಣ್ಣುವ ನಾವಿಬ್ಬರೂ ಅದನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇವೆ?" ಎಂದರು ಗುರುಗಳು.