ಗಗನನೌಕೆಯ ಪುಸ್ತಕವೂ ಬಸ್ ಟಿಕೆಟ್ಟೂ

ಚಂಪಕ್ಕನ ಟೀಪಾಯಿಯ ಮೇಲೆ ಹೊಸ ಕಾದಂಬರಿಯೊಂದು ಕೂತಿತ್ತು. ಟಿ.ವಿ.ಯಲ್ಲಿ ಬರುವ ಗಗನನೌಕೆಯ ತಮಾಷೆ ಧಾರಾವಾಹಿಯನ್ನೇ ಕಥೆ ಮಾಡಿ ಅಚ್ಚು ಹಾಕಿದ ಪುಸ್ತಕ ಅದು. ಓದಿದವರಿಗೆ ಏನನ್ನಿಸಿತೋ ಎಂಬ ಕುತೂಹಲ ತಡೆಯಲಾರದೆ, ಚಂಪಕ್ಕ ಎದ್ದು ಹೋದದ್ದೇ ತಡ, ಪುಸ್ತಕ ಟೀಪಾಯಿಯ ಮೇಲಿದ್ದ ಉಳಿದವರನ್ನು ಕೇಳಿತು: "ಅಕ್ಕನವರಿಗೆ ನಾನು ಹಿಡಿಸಿದೆನೇ?"

"ಎಲ್ಲಿಯ ಮಾತು!" ಎಂದಿತು ರಿಮೋಟು. "ನೀನು ಬಂದಮೇಲೆ ಅಕ್ಕ ನನ್ನನ್ನು ಮುಟ್ಟಿಯೇ ಇಲ್ಲ. ಧಾರಾವಾಹಿಯ ಮೇಲೂ ಬೇಸರ ಬರಿಸಿಬಿಟ್ಟೆ."

"ಅವರು ಅತ್ತರಪ್ಪ," ಎಂದಿತು ಕನ್ನಡಕ. "ನನ್ನ ಗಾಜೆಲ್ಲ ಒದ್ದೆ. ನಿನ್ನದು ಗೋಳಿನ ಕಥೆ."

ಓದು ನಿಲ್ಲಿಸಿದ ಕಡೆ ಗುರುತಿಗೆ ಇಟ್ಟಿದ್ದ ಹಳೆಯ ಬಸ್ ಟಿಕೆಟ್ಟು ಪುಟಗಳ ನಡುವಿನಿಂದ ತಲೆಯೆತ್ತಿತು. "ಜನ ಎಲ್ಲಿ ಇಳಿಯುತ್ತಾರೆ ಎಂಬುದನ್ನು ನನ್ನನ್ನು ಕೇಳು. ಅಕ್ಕ ನಿನ್ನೆಯಿಂದ ಈ ಪುಟದಲ್ಲೇ ಇಳಿದುಬಿಡುತ್ತಿದ್ದಾರೆ. ಮುಂದಿನದು ಅವರಿಗೆ ಬೇಡ."

ಪುಸ್ತಕ ಮುದುಡಿತು.

ಅಷ್ಟರಲ್ಲಿ ಚಂಪಕ್ಕ ಪಕ್ಕದ ಮನೆಯ ತುಂಗಮ್ಮನನ್ನು ಕೈಹಿಡಿದು ಎಳೆದುಕೊಂಡು ಬಂದರು. ಟಿಕೆಟ್ಟು ತೆಗೆದು ಅದೇ ಪುಟ ಓದಿದರು. ಮಂಗಳಗ್ರಹದಲ್ಲಿ ಇಳಿದ ಕ್ಯಾಪ್ಟನ್ನು ಅಲ್ಲಿಯವರನ್ನು ಮೊಟ್ಟಮೊದಲು ಕೇಳಿದ್ದು, "ಇಲ್ಲಿ ನೀರು ಎಷ್ಟು ಗಂಟೆಗೆ ಬಿಡ್ತಾರೆ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಂಪಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಡೀರಿ ತುಂಗಮ್ಮ, ಕೆಳಗಿನ ಮನೆಯವರನ್ನೂ ಕರೀತೀನಿ. ಇದನ್ನ ಇನ್ನೊಂದ್ಸಲ ಓದಲೇಬೇಕು" ಎಂದು ಟಿಕೆಟ್ಟನ್ನು ಅಲ್ಲೇ ಸಿಕ್ಕಿಸಿ ಎದ್ದರು.

ಪುಸ್ತಕ ಒಳಗೊಳಗೇ ಹಿಗ್ಗಿತು.

"ನೋಡಿದೆಯಾ," ಎಂದಿತು ಟಿಕೆಟ್ಟು ಮರುಕದಿಂದ, "ಮತ್ತೆ ಇಲ್ಲೇ ಇಳಿದುಬಿಟ್ಟರು."