ದೇಸಾಯರ ಕಣತಲೆಯ ಬೋಳು

ದೇಸಾಯರ ಹಣೆಯ ಎರಡೂ ಬದಿಗೆ, ಕಣತಲೆಗಳಲ್ಲಿ, ಹುಟ್ಟಿನಿಂದಲೇ ಬಿಲ್ವಪತ್ರೆಯಷ್ಟು ಬೋಳು. ಯಾವ ಎಣ್ಣೆ ತಿಕ್ಕಿದರೂ ಅಲ್ಲಿ ಕೂದಲು ಹುಟ್ಟಲಿಲ್ಲ.

"ನನ್ನ ಲಗ್ನದೊಳಗ ಕೂದಲ ಬರಸು. ಇಲ್ಲಂದ್ರ ಕೈ ಕಡಸ್ತೀನಿ!" ಎಂದು ಕ್ಷೌರದ ಸಂಗಪ್ಪನ ಮೇಲೆ ಗುಡುಗಿದರು.

ಸಂಗಪ್ಪ ಕತ್ತಿ ಮಸೆಯುತ್ತಲೇ ಅಂದ: "ಬರಸ್ತೀನ್ರಿ ಧಣಿ. ಆದ್ರ ನಿಮ್ಮ ಅಪ್ಪಾರಿಗೆ, ಅಜ್ಜಾರಿಗೆ ಸತ್ತ ಮ್ಯಾಲೆ ಕಡೀ ಕ್ಷೌರ ಮಾಡಿದಾಂವ ನಾನ. ಅವರಿಗೂ ಇದ ಬೋಳು. ಮುಂದ ನೀವು ಅವರಿರೋ ಲೋಕಕ್ಕ ಹೋದಾಗ, ಕತ್ತಲದಾಗ ಕಣತಲಿ ಸವರಿ ನೋಡ್ತಾರ. ಕೂದಲ ಸಿಕ್ಕರ, ಇಂವ ನಮ್ಮಾಂವ ಅಲ್ಲ ಅಂತ ಹೊರಗ ಹಾಕ್ತಾರ."

ದೇಸಾಯರ ಕೈ ತಾನಾಗಿ ಕಣತಲೆಗೆ ಹೋಯಿತು. ಅದು ತಣ್ಣಗಿತ್ತು, ಈಗಷ್ಟೇ ಯಾರೋ ಸವರಿ ಹೋದಂತೆ.

ಮೆಲ್ಲಗೆ ಅಂದರು: "ಸಂಗಪ್ಪಾ, ಇನ್ನೊಂದು ಬೆರಳಷ್ಟು ಅಗಲ ಬೋಳಿಸು. ಕಡೀಕಡೀಗೆ ಅಪ್ಪನ ಕೈ ಜೋಮು ಹಿಡಿದಿತ್ತು."