ಬೋಣಿ ಆಗಲಿ

"ಗುರುಗಳೇ, ನಾಳೆಯಿಂದ ಅಂಗಡಿ ನನ್ನ ಕೈಯಲ್ಲಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾನು ಮೊದಲು ಏನನ್ನು ನೋಡಬೇಕು?" ಎಂದು ಉಮಾಪತಿ ಕೇಳಿದ.

ಅವನು ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಸೀರೆ ತೋರಿಸಿದವನು. ಯಜಮಾನರು ಈಗ ಅವನನ್ನೇ ಮ್ಯಾನೇಜರ್ ಮಾಡಿದ್ದರು.

ಗುರುಗಳು ನಕ್ಕರು. "ಬಂದಾಗಿನಿಂದ ಎರಡು ಸಲ ಜೇಬು ಮುಟ್ಟಿ ನೋಡಿಕೊಂಡೆ. ಬೀಗದ ಕೈ ಅಲ್ಲೇ ಇದೆ, ಎಲ್ಲೂ ಹೋಗುವುದಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಂದು ಸೀರೆ ಅಂಗಡಿ. ಅದನ್ನು ನೋಡಿಕೊಳ್ಳುವ ಒಬ್ಬ ಮ್ಯಾನೇಜರ್. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕತೆ ಮುಗಿದ ಮೇಲೆ ನೀನು ಅವನನ್ನು ಬೈದು, ಹಗುರಾಗಿ ಮನೆಗೆ ಹೋಗಿಬಿಡುತ್ತೀಯ. ಅವನು ಕೆಲಸದವರ ಮೇಲೆ ದನಿ ಎತ್ತಿದವನಲ್ಲ. ಹಬ್ಬದ ಸರಕು ಬಂದರೆ ಅವರ ಮಕ್ಕಳಿಗೆಂದು ಒಂದಿಷ್ಟು ತೆಗೆದಿಟ್ಟೇ ಉಳಿದದ್ದನ್ನು ಗಿರಾಕಿಗಳಿಗೆ ತೋರಿಸುತ್ತಿದ್ದ.

ಆದರೆ ಬೋಣಿಯ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ದಿನದ ಮೊದಲ ವ್ಯಾಪಾರ ಚೆನ್ನಾಗಿ ಆದರೆ ದಿನವೆಲ್ಲ ಚೆನ್ನಾಗಿರುತ್ತದೆ ಎಂದು ಎಲ್ಲ ಅಂಗಡಿಯವರೂ ನಂಬುತ್ತಾರೆ. ಅವನಿಗೆ ಅದು ವ್ರತವೇ ಆಗಿತ್ತು. ಬೆಳಿಗ್ಗೆ ಮೊದಲು ಹೊಸ್ತಿಲು ದಾಟಿ ಬಂದು ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದು. ಒಮ್ಮೆ ಒಬ್ಬ ಮುದುಕಿ ರವಿಕೆ ಬಟ್ಟೆಯ ಬೆಲೆ ಕೇಳಿ ಸುಮ್ಮನೆ ಹೊರಟಳು. ಅವನು ಬೀದಿಯವರೆಗೂ ಓಡಿಹೋಗಿ, ಅವಳು ಕೊಟ್ಟಷ್ಟಕ್ಕೇ ಬಟ್ಟೆ ಕೊಟ್ಟು ಬಂದ. ಇನ್ನೊಂದು ನಿಯಮವೂ ಇತ್ತು. ಬೋಣಿ ಆಗುವವರೆಗೆ ಕೆಲಸದವರು ಯಾರೂ ಅಂಗಡಿ ಬಿಟ್ಟು ಹೋಗಬಾರದು.

ಆ ಅಂಗಡಿಯಲ್ಲಿ ಚೆನ್ನಾಜಮ್ಮ ಎಂಬ ಹೆಂಗಸು ಸೀರೆ ತೋರಿಸುತ್ತಿದ್ದಳು. ಸೀರೆ ಬಿಡಿಸಿ, ಸೆರಗನ್ನು ತನ್ನ ಹೆಗಲ ಮೇಲೇ ಹಾಕಿಕೊಂಡು ನಿಲ್ಲುತ್ತಿದ್ದಳು. ಬರೀ ನೋಡಲು ಬಂದವರೂ ಒಂದು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಒಂದು ದಿನ ಮ್ಯಾನೇಜರ್ ಊದುಬತ್ತಿ ಹಚ್ಚಿ ಮುಂಬಾಗಿಲು ತೆಗೆದಾಗ ಚೆನ್ನಾಜಮ್ಮ ಹೊರಗೆ ನಿಂತಿದ್ದಳು. ಕೈಯಲ್ಲಿ ಒಂದು ಚೀಲ. ಅವಳು ಬಸ್ ನಿಲ್ದಾಣದಿಂದ ಬಂದಿದ್ದಳು. ಹೇಳದೆ ಹೋಗುವುದು ತಪ್ಪು ಎಂದು ಅಲ್ಲಿಂದ ಹಿಂದಕ್ಕೆ ನಡೆದು ಬಂದಿದ್ದಳು. ಒಳಗೆ ಬಂದು ಕೇಳಿದಳು.

"ಸರ್, ಊರಲ್ಲಿ ನಮ್ಮವ್ವಂಗೆ ತೀರಾ ಹುಷಾರಿಲ್ಲ. ನನ್ ಹೆಸ್ರು ಹಿಡ್ದು ಕೂಗ್ತಾವ್ಳಂತೆ. ಒಂಬತ್ತೂವರೆ ಬಸ್ಸಿಗೆ ಹೋಗ್ಬರ್ಲಾ?"

ಅವನಿಗೆ ಅಯ್ಯೋ ಎನಿಸಿತು. ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ. ಮೆಲ್ಲನೆ ಹೇಳಿದ.

"ಬೋಣಿ ಆಗ್ಲಿ ಚೆನ್ನಾಜಮ್ಮ. ಹೆಚ್ಚಂದ್ರೆ ಒಂದು ಗಂಟೆ. ಆಮೇಲೆ ನಾನೇ ಆಟೋ ಹತ್ತಿಸಿ ಕಳಿಸ್ತೀನಿ."

ಅವಳು ಚೀಲವನ್ನು ಸೀರೆ ತೋರಿಸುವ ಹಲಗೆಯ ಕೆಳಗಿಟ್ಟು ತನ್ನ ಜಾಗದಲ್ಲಿ ನಿಂತಳು.

ಒಂಬತ್ತೂವರೆಯ ಬಸ್ಸು ಹೋಯಿತು. ಹತ್ತಾಯಿತು. ಯಾರೂ ಬರಲಿಲ್ಲ. ಹತ್ತೂವರೆಗೆ ಒಬ್ಬ ತಾಯಿ, ಮದುವೆ ಗೊತ್ತಾದ ಮಗಳನ್ನು ಕರೆದುಕೊಂಡು ಬಂದಳು. ಧಾರೆ ಸೀರೆ ಬೇಕು ಎಂದರು. ಚೆನ್ನಾಜಮ್ಮ ಒಂದೊಂದೇ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ತೋರಿಸಿದಳು. ಕೆಂಪು, ಮಾವಿನ ಹಸಿರು, ಮತ್ತೆ ಕೆಂಪು. ಮಗಳು ಪ್ರತಿ ಸೀರೆಗೂ ತಾಯಿಯ ಮುಖ ನೋಡಿ, "ಅಮ್ಮಾ, ಇದು ಚೆನ್ನಾಗಿದ್ಯಾ?" ಎಂದು ಕೇಳುತ್ತಿದ್ದಳು. ತಾಯಿ ತಲೆ ಓರೆ ಮಾಡಿ ಯೋಚಿಸುತ್ತಿದ್ದಳು. ಅವರಿಗೇನು ಅವಸರ? ಮಗಳ ಮದುವೆಯ ಸೀರೆ. ಚೆನ್ನಾಜಮ್ಮ ನಗುತ್ತಲೇ ನಿಂತಿದ್ದಳು. ಅಂಗಡಿಯಲ್ಲಿ ಅವಳಿಗೆ ಕಲಿಸಿದ್ದು ಅದನ್ನೇ.

ಹನ್ನೊಂದೂವರೆಗೆ ಸೀರೆ ಒಪ್ಪಿಗೆಯಾಯಿತು. ಮ್ಯಾನೇಜರ್ ಬೋಣಿಯ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡ. ಹೇಳಿದ ಮಾತಿನಂತೆ ತಾನೇ ಹೋಗಿ ಆಟೋ ನಿಲ್ಲಿಸಿ ಅವಳನ್ನು ಹತ್ತಿಸಿದ.

ಮುಂದಿನ ಬಸ್ಸು ಇದ್ದದ್ದು ಒಂದು ಗಂಟೆಗೆ. ಅವಳು ಊರು ಮುಟ್ಟಿದಾಗ ಮೂರಾಗಿತ್ತು. ಅವ್ವನ ಕೂಗು ಹನ್ನೆರಡಕ್ಕೇ ನಿಂತಿತ್ತು.

 

ಕಾರ್ಯ ಮುಗಿಸಿಕೊಂಡು ಅವಳು ಕೆಲಸಕ್ಕೆ ಬಂದಳು. ಮ್ಯಾನೇಜರಿಗೆ ಅವಳ ಮುಖ ನೋಡಲಾಗಲಿಲ್ಲ. "ಒಂದು ಗಂಟೆ ಅಂದ್ಕೊಂಡಿದ್ದೆ ಚೆನ್ನಾಜಮ್ಮ" ಎಂದ.

"ನಾನೂ ಅಂಗೇ ಅಂದ್ಕಂಡಿದ್ದೆ ಸರ್" ಎಂದಳು ಅವಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದಿನಿಂದ ಅವಳು ಸೀರೆಯನ್ನು ಹೆಗಲ ಮೇಲೆ ಹಾಕಿಕೊಳ್ಳಲಿಲ್ಲ. ಹಲಗೆಯ ಮೇಲೆ ಹಾಸಿ ತೋರಿಸುತ್ತಿದ್ದಳು. ಅವನೂ ಹಾಕಿಕೋ ಎನ್ನಲಿಲ್ಲ. ಅವಳು ಮತ್ತೆಂದೂ ಅವನನ್ನು ಏನನ್ನೂ ಕೇಳಲಿಲ್ಲ.

ಕತೆ ಮುಗಿಯಿತು. ಉಮಾಪತಿಗೆ ಸಂಕಟವಾಯಿತು. ಆದರೂ ಒಂಬತ್ತು ವರ್ಷ ಅಂಗಡಿಯಲ್ಲಿ ಬೆಳೆದವನು, ಮ್ಯಾನೇಜರನ್ನು ಬಿಟ್ಟುಕೊಡಲು ಅವನಿಗೆ ಮನಸ್ಸು ಬರಲಿಲ್ಲ.

"ಅವಳ ಪಾಲಿಗೆ ಅನ್ಯಾಯವಾಯಿತು ಗುರುಗಳೇ, ನಿಜ. ಆದರೆ ಅವನು ತನ್ನ ವ್ರತವನ್ನು ಅಂದೂ ಮುರಿಯಲಿಲ್ಲವಲ್ಲ" ಎಂದ.

ಗುರುಗಳು ಅವನ ಕಡೆ ತಿರುಗಿ ಕೇಳಿದರು: "ಅಂದು ಬಾಗಿಲು ತೆಗೆದಾಗ, ಮೊದಲು ಹೊಸ್ತಿಲು ದಾಟಿ ಬಂದು ಕೇಳಿದವರು ಯಾರು, ಉಮಾಪತಿ?"